ಎಲೆ ಅಡಿಕೆ ಇಟ್ಟು ಫೋಲ್ಡರ್ ಮುಚ್ಚಿದ ದಿನ

ನನಗೆ ಸಿಟ್ಟು ಬೇಗ ಬರುತ್ತದೆ. ಮದಕರಿಪುರದ ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ನಾನು ಕೆಲಸ ಮಾಡುವ ದುರ್ಗದ ಸ್ಟುಡಿಯೋದಲ್ಲಿ ಇನ್ನೂ ಚೆನ್ನಾಗಿ ಗೊತ್ತು. ಆದರೆ ಆ ಶನಿವಾರ ಸಿಟ್ಟು ಎಲ್ಲಿ ಹೋಗಿ ಕೂತಿತ್ತೋ ಕಾಣೆ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮನುಷ್ಯರಿಗೆ ಒಂದಿಷ್ಟು ಪುರುಸೊತ್ತು ಬೇಕು. ಅವತ್ತು ಒಂದು ಏಟಿನಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು.

ನಾನು ಮದುವೆ ಆಲ್ಬಮ್ ಡಿಸೈನ್ ಮಾಡುವವಳು. ನಮ್ಮ ಸ್ಟುಡಿಯೋಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಒಂದೊಂದು ಬ್ರಾಂಚ್ ಇದೆ. ಫೋಟೊ ಎಲ್ಲಿ ತೆಗೆದರೂ ಅದು ಬಂದು ಬೀಳುವುದು ನಮ್ಮ ಹಿಂದಿನ ಕೋಣೆಯ ಸರ್ವರ್‌ಗೆ. ಮೊದಲು ಅದನ್ನು ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋದಾಗ ಮಾಲೀಕರು, "ನಿಂಗೆ ಕಂಪ್ಯೂಟರ್ ಬರ್ತೈತಲ್ಲಮ್ಮ, ನೀನೇ ನೋಡ್ಕ" ಎಂದು ಕೈತೊಳೆದುಕೊಂಡರು. ನನಗೆ ಬರುತ್ತಿದ್ದದ್ದು ಫೋಟೊಗೆ ಬಣ್ಣ ತಿದ್ದುವುದು, ಅಷ್ಟೇ. ವಿಡಿಯೋ ನೋಡಿ ನೋಡಿ ಪೈಥಾನ್ ಕಲಿತೆ. ಸಾವಿರಾರು ಫೋಟೊಗಳ ಹೆಸರು ಬದಲಿಸುವುದು, ಸೈಜ್ ಇಳಿಸುವುದು, ಇಂಥ ಕತ್ತೆ ಚಾಕರಿಯನ್ನೆಲ್ಲ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು ಕಂಪ್ಯೂಟರ್ ತಲೆಗೇ ಕಟ್ಟಬಹುದು ಎಂದು ಗೊತ್ತಾದ ಮೇಲೆ ನಾನು ಆ ವಿದ್ಯೆಯನ್ನು ಬಿಡಲಿಲ್ಲ.

ಆ ಶನಿವಾರ ಬೆಳಿಗ್ಗೆ ತಾಳ್ಯದಿಂದ ಅಪ್ಪ ಮಗಳು ಬಂದರು. ಅಪ್ಪ ಅಡಿಕೆ, ಮೆಕ್ಕೆಜೋಳದ ವ್ಯಾಪಾರ ಮಾಡುವವರು, ಹಣೆ ತುಂಬ ವಿಭೂತಿ. ಮಗಳು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಅವಳ ಮುಖ ನೋಡಿದ ಕೂಡಲೇ ಗುರುತು ಹತ್ತಿತು. ಹೊಸದುರ್ಗದ ಹುಡುಗನ ಜೊತೆ ಅವಳ ನಿಶ್ಚಿತಾರ್ಥ ಆದಾಗ ಆಲ್ಬಮ್ ಮಾಡಿದ್ದು ನಾನೇ. ಕಂಪ್ಯೂಟರಿನಲ್ಲಿ ಅವಳ ಮುಖವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ವಾರಗಟ್ಟಲೆ ನೋಡಿದ್ದೇನೆ. ನಾನು ಹಲ್ಲುಕಿರಿದೆ. ಅವಳು ನಗಲಿಲ್ಲ.

ಅಪ್ಪ ಪ್ಲಾಸ್ಟಿಕ್ ಕವರಿನಿಂದ ಆ ಆಲ್ಬಮ್ಮನ್ನು ತೆಗೆದು ನನ್ನ ಟೇಬಲ್ ಮೇಲಿಟ್ಟರು.

"ಸಂಬಂಧ ಮುರೀತು ಕಣವ್ವ. ಮಠದಾಗೆ ಹಿರಿಯರ ಮುಂದೆ ಕುಂತು ಎಲ್ಲಾ ಒಪ್ಪಿಸಿ ಆತು. ನಾವು ಉಂಗುರ, ಸೀರೆ ಕೊಟ್ವಿ. ಅವರು ಇದನ್ನ ಕೊಟ್ರು. ಇನ್ನು ನಿಮ್ಮ ಕಂಪ್ಯೂಟರ್ನಾಗೆ ಇರೋದನ್ನ ನೀವು ಮುಚ್ಚಿಬಿಟ್ರೆ ನಮ್ಮ ಕಡೀಂದ ಮುಗೀತು."

ನಮ್ಮ ಕಡೆ ಹೀಗೆಯೇ. ಸಂಬಂಧ ಕೂಡಿಸುವಾಗ ಎಷ್ಟು ಜನ ಕೂತಿರುತ್ತಾರೋ ಬಿಡಿಸುವಾಗಲೂ ಅಷ್ಟು ಜನ ಕೂರಬೇಕು. ಕೊಟ್ಟಿದ್ದು, ತಗೊಂಡಿದ್ದು, ಜಾತಕ, ಫೋಟೊ ಎಲ್ಲವನ್ನೂ ನಾಲ್ಕು ಜನರ ಕಣ್ಣೆದುರಿಗೆ ಕೈಯಿಂದ ಕೈಗೆ ದಾಟಿಸಿದರೆ ಆಮೇಲೆ ಯಾರೂ ಯಾರ ಮೇಲೂ ಬೆರಳು ತೋರಿಸುವಂತಿಲ್ಲ. ಯಾಕೆ ಮುರಿಯಿತು ಎಂದು ಮೂರನೆಯವರು ಕೇಳಬಾರದು. ನನ್ನ ನಾಲಿಗೆ ತುರಿಸುತ್ತಿತ್ತು, ಕೇಳಲಿಲ್ಲ.

"ಅವಸರ ಯಾಕಂದ್ರೆ," ಎಂದು ಅವರು ದನಿ ತಗ್ಗಿಸಿದರು, "ನಾಳೆ ಯಲ್ಲದಕೆರೆಯಿಂದ ಇವಳನ್ನ ನೋಡಾಕೆ ಬರ್ತಾರೆ. ಹಳೇದು ಅವ್ರಿಗಿನ್ನೂ ಹೇಳಿಲ್ಲ. ಒಂದ್ಸಲ ಮದುವೆ ನಿಂತೋದ ಹುಡುಗಿ ಅಂತ ಹೊಸಲಿಂದಲೇ ತಿರುಗಿ ಹೋಗ್ಬಾರ್ದು ನೋಡು. ಬಂದು ನೋಡ್ಲಿ, ಮನಸಿಗೆ ಬರ್ಲಿ, ಆಮ್ಯಾಲೆ ನಾನೇ ಕುಂಡ್ರಿಸಿ ಹೇಳ್ತೀನಿ. ಅಲ್ಲೀಗಂಟ ಈ ಫೋಟೊ ಯಾರ ಕಣ್ಣಿಗೂ ಬೀಳಬಾರ್ದು."

ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಇದೇನು ಮಹಾ ಎಂದುಕೊಂಡೆ. ಆ ಫೋಲ್ಡರನ್ನು ಯಾರು ಯಾರು ತೆರೆಯಬಹುದು ಎಂದು ನೋಡುವುದು, ಬೇಡದವರಿಗೆ ಮುಚ್ಚುವುದು. ಅಲ್ಲೇ ಕೂತು ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಫೋಲ್ಡರಿನ ಒಳಗೆಲ್ಲ ಸುತ್ತಿಬಂದು, ಒಂದೊಂದು ಫೈಲಿಗೂ ಓನರ್ ಯಾರು, ಯಾರಿಗೆ ಏನೇನು ಪರ್ಮಿಶನ್ ಇದೆ ಎಂದು ಸಾಲಾಗಿ ತೋರಿಸುವುದು ಅದರ ಕೆಲಸ. ಎಂಟರ್ ಒತ್ತಿದೆ.

ಕುರ್ಚಿ ಮುಂದಕ್ಕೆ ಎಳೆದುಕೊಂಡೆ.

ಸ್ಕ್ರೀನ್ ಮೇಲೆ ಸಾಲಿನ ಮೇಲೆ ಸಾಲು ಒಂದೇ ಥರ. ಆರ್ ಡಬ್ಲ್ಯೂ ಎಕ್ಸ್, ಮತ್ತೆ ಆರ್ ಡಬ್ಲ್ಯೂ ಎಕ್ಸ್, ಮತ್ತೆ ಆರ್ ಡಬ್ಲ್ಯೂ ಎಕ್ಸ್. ಅಂದರೆ ಎಲ್ಲರೂ ನೋಡಬಹುದು, ಎಲ್ಲರೂ ತಿದ್ದಬಹುದು, ಎಲ್ಲರೂ ಒಳಗೆ ನುಗ್ಗಬಹುದು. ಸ್ಕ್ರಿಪ್ಟ್ ತಪ್ಪಿರಬೇಕು ಎಂದು ಬೇರೆ ಮದುವೆಗಳ ಫೋಲ್ಡರ್ ಮೇಲೆ ಓಡಿಸಿದೆ. ಅಲ್ಲೂ ಅದೇ. ಸೀಮಂತ, ನಾಮಕರಣ, ಬಾಣಂತಿ ಮಗುವಿಗೆ ಹಾಲು ಕುಡಿಸುವಾಗ ತೆಗೆದ ಫೋಟೊ, ಎಲ್ಲವೂ ಬೀದಿ ಬಾಗಿಲು ತೆರೆದಂತೆ ತೆರೆದಿದ್ದವು. ಇಷ್ಟು ದಿನ ಅದರ ಮುಂದೆಯೇ ಕೂತು ನಾನು ಉಪ್ಪಿಟ್ಟು ತಿಂದಿದ್ದೇನೆ.

ಮಾಲೀಕರನ್ನು ಕರೆದೆ. ಅವರು ಕನ್ನಡಕ ಏರಿಸಿ ನೋಡಿ, "ಓ, ಅದಾ?" ಎಂದರು. "ಪರ್ಮಿಶನ್ ಡಿನೈಡ್, ಪರ್ಮಿಶನ್ ಡಿನೈಡ್ ಅಂತ ಮೂರು ಬ್ರಾಂಚ್ನೋರೂ ಫೋನ್ ಮಾಡಿ ತಲೆ ತಿಂತಿದ್ರಮ್ಮ. ಆ ತಡೆ ಎಲ್ಲಾ ತೆಗೆದು ಬಿಸಾಕಪ್ಪ ಅಂದೆ. ಆ ಹಳೇ ಆಸಾಮಿ ಏಳು ಏಳು ಏಳು ಅಂತ ಏನೋ ಹೊಡ್ದ, ಎಲ್ಲಾರ್ಗೂ ತೆಗೆಯೋ ನಂಬರಂತೆ. ಅವತ್ತಿಂದ ಒಂದು ಫೋನಿಲ್ಲ. ಎಲ್ಲಾ ನಮ್ಮ ನಮ್ಮೋರೇ ಅಲ್ಲೇನಮ್ಮ?"

"ಮನೆ ಕದ ತೆಗೆದಿಡೋದು ಬೇರೆ ಸಾರ್," ಎಂದೆ. "ಬಚ್ಚಲ ಕದ ತೆಗೆದಿಡೋದು ಬೇರೆ."

ಅವರು ಕನ್ನಡಕ ಇಳಿಸಿದರು. ಆಗ ಮಗಳು ಮೊದಲ ಸಲ ಬಾಯಿಬಿಟ್ಟಳು. "ಅಕ್ಕ, ಅದರಾಗೆ ಏನೈತೆ ಅಂತ ನಂಗೂ ಹೇಳ್ರಿ."

ಲೆಕ್ಕದ ಮೇಡಂ ಅಲ್ಲವೇ, ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು. ನಾನು ಹೇಳಿದೆ. ಒಂದು ಫೈಲಿನ ಲೆಕ್ಕದಲ್ಲಿ ಮೂರು ಥರದ ಜನ. ಮೊದಲನೆಯವರು ಅದರ ಓನರ್. ಎರಡನೆಯದು ಗ್ರೂಪ್, ಅಂದರೆ ಅವರ ಜೊತೆ ಕೆಲಸ ಮಾಡುವವರು. ಮೂರನೆಯವರು ಅದರ್ಸ್, ಅಂದರೆ ಇನ್ನುಳಿದವರೆಲ್ಲ. ಒಬ್ಬೊಬ್ಬರಿಗೂ ನೋಡುವ, ತಿದ್ದುವ, ನಡೆಸುವ ಪರ್ಮಿಶನ್ ಬೇರೆ ಬೇರೆಯಾಗಿ ಕೊಡಬಹುದು. ಫೋಲ್ಡರ್ ಆದರೆ ನಡೆಸುವುದರ ಅರ್ಥ ಒಳಗೆ ಕಾಲಿಡುವುದು.

"ಇದರ ಓನರ್ ಯಾರು?"

"ನಿಶ್ಚಿತಾರ್ಥಕ್ಕೆ ಬಂದಿದ್ರಲ್ಲ, ಹೊಸದುರ್ಗದ ನಮ್ಮ ಫೋಟೊಗ್ರಾಫರ್ರು. ಅವರ ಲಾಗಿನ್ನಿಂದ ಬಂದಿದ್ದಕ್ಕೆ ಅವರ ಹೆಸರೈತೆ."

"ಗ್ರೂಪು?"

"ನಾವು. ಸ್ಟುಡಿಯೋದೋರು."

ಅವಳು ಸ್ಕ್ರೀನನ್ನೇ ನೋಡುತ್ತ, "ಹಂಗಾದ್ರೆ ಇದರಾಗೆ ನಾನ್ಯಾರು?" ಎಂದಳು.

ನಾನು ಮತ್ತೆ ಆ ಸಾಲುಗಳನ್ನು ನೋಡಿದೆ. ಫೋಟೊ ತುಂಬ ಅವಳೇ ಇದ್ದಾಳೆ. ಫೈಲಿನ ಲೆಕ್ಕದಲ್ಲಿ ಅವಳು ಅದರ್ಸ್. ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ತಿನ್ನುತ್ತ ಕೂತವರಿಗೆ ಅದರಲ್ಲಿ ಯಾವ ಜಾಗವೋ ಅವಳಿಗೂ ಅದೇ ಜಾಗ. ಎಷ್ಟು ವರ್ಷದಿಂದ ಎಷ್ಟು ಹೆಣ್ಣುಮಕ್ಕಳ ಮುಖದ ಮೇಲೆ ಕೆಲಸ ಮಾಡಿದ್ದೇನೆ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. "ನೀನು ಇದರಾಗೆ ಇಲ್ಲವ್ವ," ಎಂದೆ. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಅಪ್ಪನಿಗೆ ಈ ಮಾತೆಲ್ಲ ಬೇಕಾಗಿರಲಿಲ್ಲ. "ಮುಚ್ಚಾಕೆ ಆಗ್ತೈತಲ್ಲ?" ಎಂದು ಕೇಳಿದರು. ಆಗುತ್ತದೆ, ಯಾರಾದರೂ ಆಗಲೇ ಕಾಪಿ ಮಾಡಿಕೊಂಡಿದ್ದರೆ ಮಾತ್ರ ಅದನ್ನು ಇಲ್ಲಿಂದ ಹಿಡಿಯಲಾಗುವುದಿಲ್ಲ ಎಂದೆ. ನಾನು ಪರ್ಮಿಶನ್ ಬದಲಿಸುವ ಸಾಲುಗಳನ್ನು ಬರೆಯುತ್ತಿದ್ದಂತೆ ಅವರು ಎದ್ದು ಹೋಗಿ ಪಕ್ಕದ ಝೆರಾಕ್ಸ್ ಅಂಗಡಿಯವರನ್ನು ಕರೆತಂದರು. ಮಾಲೀಕರನ್ನೂ ಕೂರಿಸಿದರು. ಜೇಬಿನಿಂದ ಎಲೆ ಅಡಿಕೆ ತೆಗೆದು ನನ್ನ ಕೀಬೋರ್ಡಿನ ಪಕ್ಕ ಇಟ್ಟು, "ನಾಕು ಜನದ ಮುಂದೆ ಆಗ್ಲಿ ತಾಯಿ. ಈಗ ಮುಚ್ಚು," ಎಂದರು.

ನಗು ಬಂತು, ನುಂಗಿಕೊಂಡೆ. ಅಷ್ಟು ವರ್ಷದಲ್ಲಿ ನನ್ನ ಸ್ಕ್ರಿಪ್ಟನ್ನು ಯಾರೂ ಹಾಗೆ ಕಣ್ಣು ಮಿಟುಕಿಸದೆ ನೋಡಿರಲಿಲ್ಲ. ಗ್ರೂಪಿನ ಪರ್ಮಿಶನ್ ತೆಗೆದೆ, ಅದರ್ಸ್ ಪರ್ಮಿಶನ್ ತೆಗೆದೆ, ಓನರ್‌ಗೆ ಮಾತ್ರ ಉಳಿಸಿದೆ. ಎಂಟರ್ ಒತ್ತಿ, ಮೊದಲಿನ ಸ್ಕ್ರಿಪ್ಟನ್ನು ಮತ್ತೆ ಓಡಿಸಿ ತೋರಿಸಿದೆ. ಓನರ್‌ದು ಬಿಟ್ಟು ಉಳಿದ ಅಕ್ಷರಗಳಿದ್ದ ಕಡೆ ಬರೀ ಗೆರೆ.

"ಆತು," ಎಂದೆ. ಝೆರಾಕ್ಸ್‌ನವರು "ಆತು" ಎಂದರು. ಅಪ್ಪ ಕೈಮುಗಿದರು.

ಅವರು ಕೈ ಇಳಿಸಿದ್ದರೋ ಇಲ್ಲವೋ, ನನ್ನ ಫೋನ್ ಹೊಡೆದುಕೊಂಡಿತು. ಹಿರಿಯೂರು ಬ್ರಾಂಚ್ ನೋಡಿಕೊಳ್ಳುವವರು. ಐವತ್ತು ದಾಟಿದ ಸಾಧು ಮನುಷ್ಯ. ಸ್ಪೀಕರ್ ಹಾಕಿದೆ.

"ಮೇಡಂ, ಇದೇನ್ ಮೇಡಂ, ಆ ತಾಳ್ಯದೋರ ನಿಶ್ಚಿತಾರ್ಥದ ಫೋಲ್ಡರ್ ತೆಗೆದ್ರೆ ಪರ್ಮಿಶನ್ ಡಿನೈಡ್ ಅಂತೈತೆ. ಈಗಿನ್ನೂ ಬರ್ತಿತ್ತು."

"ಅದನ್ನ ನೀವ್ಯಾಕ್ರಿ ತೆಗಿತೀರಿ?"

"ಇನ್ನೊಂದು ಫ್ಲೆಕ್ಸ್ ಪ್ರಿಂಟಿಗೆ ಕೊಡ್ಬೇಕಿತ್ತು ಮೇಡಂ. ಅಂಗಡಿ ಮುಂದೆ ಹಾಕಿದೀನಲ್ಲ, ಅದು ಭಾಳ ಚೆನ್ನಾಗಿ ಬಂದೈತೆ. ಇನ್ನೊಂದು ಹುಳಿಯಾರ್ ರೋಡ್ನಾಗೆ ಹಾಕಾಣ ಅಂತ."

ಯಲ್ಲದಕೆರೆಯಿಂದ ತಾಳ್ಯಕ್ಕೆ ಬರುವವರು ಹಿರಿಯೂರಿಗೆ ಬಂದೇ ಬರಬೇಕು, ಅದೂ ಅದೇ ಹುಳಿಯಾರ್ ರೋಡಿನಲ್ಲಿ. ಮಗಳು ಕಿಟಕಿ ಬಿಟ್ಟು ಇತ್ತ ತಿರುಗಿದಳು. "ನನ್ ಫೋಟೊನಾ?" ಎಂದು ಕೇಳಿದಳು, ಯಾರನ್ನು ಕೇಳಿದಳೋ ಗೊತ್ತಾಗಲಿಲ್ಲ.

ಮಾಲೀಕರು ಕಾರ್ ತೆಗೆದರು. ನಾನೂ ಹತ್ತಿದೆ, ಅಪ್ಪ ಮಗಳೂ ಹತ್ತಿದರು. ಫ್ಲೆಕ್ಸ್ ಇಳಿಸಿಡಿ ಎಂದು ಫೋನಿನಲ್ಲಿ ಹೇಳಿದರೆ ಸಾಲದೇ ಎಂದು ಮಾಲೀಕರು ಅಂದಿದ್ದಕ್ಕೆ ಅಪ್ಪ, "ನನ್ನ ಕಣ್ಣಾರೆ ಇಳಿಸ್ಬೇಕು," ಎಂದರು. ಹೈವೇಯಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಎಂದಿನಂತೆ ತಿರುಗುತ್ತಿದ್ದವು.

ಬಸ್ ಸ್ಟ್ಯಾಂಡಿನ ಎದುರು ಬ್ರಾಂಚ್. ದೂರದಿಂದಲೇ ಕಂಡಿತು. ಮಹಡಿಯ ಗೋಡೆಯಷ್ಟು ಅಗಲಕ್ಕೆ ಅವಳು. ಗಂಡಿನ ಕಡೆಯ ಯಾರೋ ಏನೋ ಚೇಷ್ಟೆ ಮಾಡಿದಾಗ ತಲೆ ಹಿಂದಕ್ಕೆ ಹಾಕಿ ನಕ್ಕ ಫೋಟೊ ಅದು. ಪಕ್ಕದಲ್ಲಿ ಹೊಸದುರ್ಗದ ಹುಡುಗ ಅವಳನ್ನೇ ನೋಡುತ್ತಿದ್ದಾನೆ. ಕೆಳಗೆ ದಪ್ಪ ಅಕ್ಷರದಲ್ಲಿ: ನಿಮ್ಮ ನಗುವಿಗೆ ನಾವು ಸಾಕ್ಷಿ. ಬಸ್ಸಿಗೆ ಕಾಯುವವರೆಲ್ಲ ಅದರ ಕಡೆಗೇ ಮುಖ ಮಾಡಿ ನಿಂತಿದ್ದರು. ಆ ಬಣ್ಣ ತಿದ್ದಿದ್ದು ನಾನು. ಆ ಕೆನ್ನೆಯ ಮೇಲಿನ ಬೆಳಕು ನಾನು ತಂದಿದ್ದು.

ಬ್ರಾಂಚಿನವರು ನಗುತ್ತ ಹೊರಗೆ ಬಂದು, "ಬರ್ರಿ ಬರ್ರಿ," ಎಂದರು. ಹಿಂದೆ ನಿಂತ ಮಗಳನ್ನು ನೋಡಿದರು, ಫ್ಲೆಕ್ಸ್ ನೋಡಿದರು, ನಗು ಹಾಗೇ ನಿಂತುಹೋಯಿತು.

"ಲಗ್ನ ಮುರಿದೋರ ಫೋಟೊ ಹಾಕೀರಲ್ರಿ," ಎಂದೆ. "ನಿಮ್ಗೆ ತಿಳೀಲಿಲ್ವಾ?"

"ಮುರಿದಿದ್ದು ಗೊತ್ತಿದ್ದಕ್ಕೇ ಹಾಕಿದ್ದು ಮೇಡಂ," ಎಂದರು ಅವರು, ನನಗೇ ಸಮಾಧಾನ ಹೇಳುವ ದನಿಯಲ್ಲಿ. "ಮದುವೆ ಆದೋರ್ದು ಹಾಕಿದ್ರೆ ನಮ್ಮ ಸೊಸೇನ ಯಾಕ್ ಹಾಕಿದ್ರಿ ಅಂತ ಜಗಳಕ್ಕೆ ಬರ್ತಾರೆ. ಇವರದು ಎರಡೂ ಕಡೆಯೋರು ವಾಪಸ್ ಕೊಟ್ಟು ಕೈ ತೊಳಕಂಡ್ರು ಅಂತ ಹೊಸದುರ್ಗದ ಬ್ರಾಂಚ್ನೋರು ಹೇಳಿದ್ರು. ಗಂಡಿನೋರದ್ದೂ ಅಲ್ಲ, ಹೆಣ್ಣಿನೋರದ್ದೂ ಅಲ್ಲ. ಹಂಗಾದ್ಮೇಲೆ ಅದು ಯಾರದೂ ಅಲ್ವಲ್ಲ ಅಂದ್ಕಂಡೆ."

ಅವರ ಮುಖದಲ್ಲಿ ಕಳ್ಳತನದ ಸುಳಿವೂ ಇರಲಿಲ್ಲ. ಬೈಯಲು ಬಾಯಿ ತೆರೆದವಳು ದಂಗಾಗಿ ನಿಂತೆ. ಯಾಕೆಂದರೆ ಮಠದಲ್ಲಿ ಕೂತ ಹಿರಿಯರೂ, ಅಪ್ಪನೂ, ಎಲೆ ಅಡಿಕೆ ಮುಂದಿಟ್ಟುಕೊಂಡು ಬಟನ್ ಒತ್ತಿದ ನಾನೂ, ಅವಳನ್ನು ಬಿಟ್ಟು ಉಳಿದವರ ಲೆಕ್ಕವನ್ನೇ ಚುಕ್ತಾ ಮಾಡುತ್ತಿದ್ದೆವು. ಈ ಮನುಷ್ಯ ಅದೇ ಲೆಕ್ಕವನ್ನು ಗೋಡೆಗೆ ಹೊಡೆದಿದ್ದ.

ಏಣಿ ತಂದು ಫ್ಲೆಕ್ಸ್ ಇಳಿಸಿದರು. ಅಪ್ಪ ನೆಲದ ಮೇಲೇ ಕೂತು ಅದನ್ನು ಸುತ್ತತೊಡಗಿದರು. ಬ್ರಾಂಚಿನವರು ಅವರ ಜೊತೆ ಕೈ ಜೋಡಿಸುತ್ತ, ತಪ್ಪನ್ನು ಹಗುರ ಮಾಡಿಕೊಳ್ಳಲೆಂದೋ ಏನೋ, ಹೇಳಿದರು:

"ಇದನ್ನ ನೋಡಿ ಒಳ್ಳೇದೂ ಆಗಿರ್ಬೋದು ಯಜಮಾನ್ರೆ. ಯಲ್ಲದಕೆರೆಯೋರು ಒಬ್ರು ತಾಯಮ್ಮ ಬಸ್ಸಿಳಿದು ಸೀದಾ ಒಳಗೆ ಬಂದು, ಹುಡುಗಿ ಯಾರು, ಯಾವೂರು, ಮದುವೆ ಆಗೋಯ್ತಾ ಅಂತ ಕೇಳಿದ್ರು. ತಾಳ್ಯದೋರು, ಸಂಬಂಧ ಮುರೀತಂತೆ ಅಂದೆ. ಮಗನಿಗೆ ನೋಡ್ತಿದ್ರಂತೆ. ಈ ನಗು ನಮ್ಮನೇಗೆ ಬರ್ಬೇಕು ಅಂದ್ರು."

ಅಪ್ಪನ ಕೈ ನಿಂತಿತು. ಸುತ್ತಿದ ಫ್ಲೆಕ್ಸ್ ಅರ್ಧ ಬಿಚ್ಚಿಕೊಂಡಿತು. ಅವರು ಎಷ್ಟೋ ದಿನ ಎದೆಯಲ್ಲಿ ಮುಚ್ಚಿಟ್ಟುಕೊಂಡಿದ್ದ ಗುಟ್ಟು ಬರುವವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದಕ್ಕೇ ಅವರು ಬರುತ್ತಿದ್ದರು. ಅಪ್ಪನ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ನಗು ಬಂತು. "ಶಿವನೇ," ಎಂದರು. "ಗೊತ್ತಿದ್ದೂ ಬರ್ತಿದಾರಂತೆ ಕಣವ್ವ. ಎಲ್ಲಾ ಒಳ್ಳೇದೇ ಆತು ಬಿಡು." ಮಾಲೀಕರೂ ನಕ್ಕರು. ಬ್ರಾಂಚಿನವರು ಟೀ ತರಿಸುತ್ತೇನೆ ಎಂದರು. ನನಗೂ, ದೇವರಾಣೆ, ಎದೆ ಮೇಲಿನ ಕಲ್ಲು ಇಳಿಯಿತು.

ನಗದಿದ್ದವಳು ಅವಳೊಬ್ಬಳೇ.

"ಹೊಸದುರ್ಗದೋರಿಗೆ ಗೊತ್ತಿತ್ತು," ಎಂದಳು. "ಹಿರಿಯೂರಿನೋರಿಗೆ ಗೊತ್ತಿತ್ತು. ಯಲ್ಲದಕೆರೆಯೋರಿಗೆ ಗೊತ್ತಿತ್ತು. ಬಸ್ಸಿಗೆ ಕಾಯೋರೆಲ್ಲ ನೋಡಿದಾರೆ. ನನ್ನ ನೋಡಿ ಮಾತಾಡ್ಕಂಡು, ನನ್ನ ಒಪ್ಕಂಡೂ ಆಗೈತೆ. ನಂಗೆ ಮಾತ್ರ ಇವತ್ತು ಗೊತ್ತಾತು."

ಜೋರಾಗಿ ಹೇಳಲಿಲ್ಲ. ಪಾಠ ಹೇಳುವಂತೆ ಹೇಳಿದಳು. ಟೀ ತರಲು ಹೊರಟವರು ಹಾಗೇ ನಿಂತರು. ಅಪ್ಪ ನೆಲದಿಂದ ಎದ್ದು, ಫ್ಲೆಕ್ಸನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳನ್ನು ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಯಲ್ಲದಕೆರೆಯ ನಂಬರ್ ಹುಡುಕಿ, ಒತ್ತುವ ಮೊದಲು ಕೇಳಿದರು.

"ಏನಂತ ಹೇಳ್ಲವ್ವ?"

ಬೆಳಿಗ್ಗೆಯಿಂದ ಅವಳನ್ನು ಒಂದು ಮಾತು ಕೇಳಿದವರು ಅವರೇ ಮೊದಲು. ನಾನೂ ಕೇಳಿರಲಿಲ್ಲ.

"ಇಲ್ಲಿ ಕೊಡಪ್ಪ," ಎಂದು ಅವಳು ಫೋನ್ ಇಸಿದುಕೊಂಡು ರಸ್ತೆಯಂಚಿನ ಬೇವಿನ ಮರದ ಕಡೆ ನಡೆದಳು. ನಮಗೆ ಬೆನ್ನು ಹಾಕಿ ನಿಂತು ಮಾತಾಡಿದಳು. ಒಮ್ಮೆ ಮಾತ್ರ ಕೈಯೆತ್ತಿ ಖಾಲಿ ಗೋಡೆಯ ಕಡೆ ತೋರಿಸಿದಳು, ಫೋನಿನಲ್ಲಿದ್ದವರಿಗೆ ಕಾಣುತ್ತದೆ ಎನ್ನುವಂತೆ. ಮಾಲೀಕರು ಏನೋ ನೆಪ ಮಾಡಿ ಮೆಲ್ಲಗೆ ಆ ಕಡೆ ಹೆಜ್ಜೆ ಹಾಕಿದರು. ಆಗ ನನ್ನ ಸಿಟ್ಟು ವಾಪಸ್ ಬಂತು. ಅಂಗಿ ಹಿಡಿದು ಎಳೆದೆ. "ಸಾರ್, ಇಲ್ಲೇ ನಿಂತ್ಕಳ್ರಿ." ನಿಂತರು. ಅವಳು ಏನು ಹೇಳಿದಳೋ ನಮಗ್ಯಾರಿಗೂ ಕೇಳಿಸಲಿಲ್ಲ.

ಬಂದು ಫೋನ್ ಕೊಟ್ಟಳು. "ನಾಳೆ ಬರಲ್ಲ. ನಾನು ಕರೆದಾಗ ಬರ್ತಾರೆ," ಎಂದಷ್ಟೇ ಹೇಳಿದಳು. ಅಪ್ಪ ಮುಂದೆ ಕೇಳಲಿಲ್ಲ. "ಹೋಗಾಣ," ಎಂದರು.

ವಾಪಸ್ ಬರುವಾಗ ಕಾರಿನಲ್ಲಿ ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಸರ್ವರ್‌ನಲ್ಲಿ ಆ ಫೋಲ್ಡರ್ ಇನ್ನೂ ಹೊಸದುರ್ಗದ ಫೋಟೊಗ್ರಾಫರ್ ಹೆಸರಿನಲ್ಲೇ ಇದೆ ಎಂಬುದು ನೆನಪಾಯಿತು. ಅಳಿಸಿಬಿಡುತ್ತೇನೆ ಎಂದು ಹೇಳಲು ಬಾಯಿಗೆ ಬಂದದ್ದನ್ನು ತಡೆದುಕೊಂಡು ಕೇಳಿದೆ. "ಆ ಫೋಟೊಗಳ್ನ ಏನ್ಮಾಡ್ಲವ್ವ?"

ಮುಂದಿನ ಸೀಟಿನಲ್ಲಿ ಕಂಕುಳಿಗೆ ಫ್ಲೆಕ್ಸ್ ಒತ್ತಿಕೊಂಡು ಕೂತಿದ್ದ ಅಪ್ಪನನ್ನು ಅವಳು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನನ್ನ ಹೆಸರಿಗೆ ಮಾಡ್ರಿ ಅಕ್ಕ. ಅಳಿಸಬ್ಯಾಡ್ರಿ. ಅವತ್ತು ನಾನು ನಕ್ಕಿದ್ದು ಸುಳ್ಳೇನಲ್ಲ."